ಅಮ್ಮನ ಜೊತೆ ಕೂರಲು ಬರುವ ಸಭೆಯ ಅಕ್ಕನಿಗೆ ಸಂಬಳ ಕೊಡೋದು ಸರಿಯಾ?

ಪಡುಗಾಳಿ ಕೇಳಿದ್ದು:

ಇದು ಬೈಬಲ್ ಪ್ರಶ್ನೆಯೋ, ಮನೆ ಪ್ರಶ್ನೆಯೋ, ದುಡ್ಡಿನ ಪ್ರಶ್ನೆಯೋ ನನಗೇ ಗೊತ್ತಾಗ್ತಿಲ್ಲ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ನಮ್ಮದು ಉಡುಪಿ ಕಡೆಯ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಪಾದ್ರಿಗಳ ಬಾಸೆಲ್ ಮಿಷನ್ ಕಾಲದ್ದು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಣ್ಣ ಕುವೈಟ್‌ನಲ್ಲಿ. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಅಮ್ಮ ಒಬ್ಬರೇ. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಪಾಚಿ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಬಚ್ಚಲಿನ ತನಕ ಹೋಗಿ ಬರ್ತಾರೆ. ಬೆಂಗಳೂರಿಗೆ ಬನ್ನಿ ಅಂದ್ರೆ, "ನಾಲ್ಕನೇ ಮಾಳಿಗೆಯಲ್ಲಿ ಕೂತು ನಾನು ಯಾರ ಮುಖ ನೋಡ್ಲಿ?" ಅಂತಾರೆ.

ಮೊದಲು ಏಜೆನ್ಸಿಯಿಂದ ಒಬ್ಬರು ಹೋಮ್ ನರ್ಸ್ ಇದ್ದರು. ಅವರು ಹೋದ ಮೇಲೆ ನಮ್ಮ ಸ್ತ್ರೀ ಸಂಘದ ಒಬ್ಬರು ಅಕ್ಕ ತಾವಾಗಿಯೇ ಬರಲು ಶುರು ಮಾಡಿದರು. ಹೆಸರು ಬೇಡ, ಅಕ್ಕ ಅಂತಲೇ ಇರಲಿ. ಐವತ್ತು ದಾಟಿದೆ, ಗಂಡ ಇಲ್ಲ, ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಬೆಳಿಗ್ಗೆ ಬರುವಾಗಲೇ ತಡ್ಪೆ (ಬೀಡಿ ಕಟ್ಟಲು ಮಡಿಲಲ್ಲಿ ಇಟ್ಟುಕೊಳ್ಳುವ ಮೊರ), ಎಲೆ, ಹೊಗೆಸೊಪ್ಪು, ನೂಲು ಎಲ್ಲ ಜೊತೆಗೇ ತರ್ತಿದ್ದರು. ಅಮ್ಮನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಕಟ್ಟಲು ಕೂರೋದು. ಅಮ್ಮನೂ ಸುಮ್ನೆ ಇರೋರಲ್ಲ. ಕತ್ತರಿಸಿದ ಎಲೆ ಜೋಡಿಸಿ ಕೊಡೋದು, ಕಟ್ಟಿದ ಬೀಡಿಯ ತುದಿ ಮಡಚೋದು, ಇಪ್ಪತ್ತೈದು ಎಣಿಸಿ ಕಟ್ಟು ಮಾಡೋದು. ಮಧ್ಯೆ ಯಾರ ಮನೆ ಮದುವೆ, ಯಾರ ಜೊತೆ ಯಾರ ಜಗಳ, ಭಾನುವಾರ ಯಾರು ಗೀತೆಯ ರಾಗ ಕೆಡಿಸಿದರು, ಎಲ್ಲ ಬರಬೇಕು. ನಾನು ವಿಡಿಯೋ ಕಾಲ್ ಮಾಡಿದ್ರೆ "ಈಗ ಕೆಲಸ ಉಂಟು, ಆಮೇಲೆ ಮಾಡು" ಅಂತ ಅಮ್ಮ ಫೋನ್ ಇಟ್ಟುಬಿಡೋರು!

ದಿನವಿಡೀ ಪುಕ್ಕಟೆ ಮಾಡಿಸಿಕೊಳ್ಳೋದು ನನಗೆ ಸರಿ ಕಾಣಲಿಲ್ಲ. ತಿಂಗಳಿಗೆ ಇಷ್ಟು ಅಂತ ಮಾತಾಡಿದೆ. ಅಕ್ಕ ಬೇಡ ಬೇಡ ಅಂದರು, ಕೊನೆಗೆ ಒಪ್ಪಿದರು. ಫೋನಿನಲ್ಲೇ ಕಳಿಸ್ತೇನೆ.

ಅಲ್ಲಿಂದ ತಡ್ಪೆ ಬರೋದು ನಿಂತಿತು. "ಸಂಬಳ ತಗೊಂಡು ಸ್ವಂತ ಕೆಲಸ ಮಾಡಬಾರದಲ್ವಾ" ಅಂದರಂತೆ. ಈಗ ಸರಿಯಾಗಿ ಒಂಬತ್ತಕ್ಕೆ ಬರ್ತಾರೆ, ಐದಕ್ಕೆ ಹೋಗ್ತಾರೆ. ಮಾತ್ರೆ ಕೊಟ್ಟ ಹೊತ್ತನ್ನು ಪುಸ್ತಕದಲ್ಲಿ ಬರೆದಿಡ್ತಾರೆ. ಒಂದು ಕುಂದು ಹೇಳೋ ಹಾಗಿಲ್ಲ. ಆದರೆ ಅಮ್ಮ ಹೇಳ್ತಾರೆ, "ಮೊದಲು ನನ್ನ ಹತ್ರ ಬರ್ತಿದ್ದಳು. ಈಗ ಕೆಲಸಕ್ಕೆ ಬರ್ತಾಳೆ." ಸ್ತ್ರೀ ಸಂಘದ ಉಳಿದವರೂ ಬರೋದು ಕಮ್ಮಿ ಮಾಡಿದ್ದಾರೆ. "ಅಲ್ಲಿ ಜನ ಇಟ್ಟಿದ್ದಾರಲ್ಲ" ಅಂತ.

ಇನ್ನೊಂದು ಕಡೆ ಅಣ್ಣ. ಸಭೆಯ ಹಾಲ್‌ಗೆ ನೆಲ ಹಾಕಿಸಿದ್ದು, ಎಸಿ ಕೊಡಿಸಿದ್ದು ಅವನೇ. ಬಾಗಿಲಲ್ಲಿ ಗ್ರಾನೈಟ್ ಮೇಲೆ ಅಪ್ಪ ಅಮ್ಮನ ಹೆಸರಿದೆ. ಅವನ ವಾದ: "ನಾವು ಸಭೆಗೆ ಇಷ್ಟು ಮಾಡಿದ್ದೇವೆ, ಅಮ್ಮನನ್ನು ನೋಡಿಕೊಳ್ಳೋದು ಸಭೆಯ ಕರ್ತವ್ಯ. ನೀನು ಸಂಬಳ ಕೊಟ್ಟು ಎಲ್ಲ ಕೆಡಿಸಿದೆ."

ಅಪೊಸ್ತಲರ ಕೃತ್ಯಗಳಲ್ಲಿ ಮೊದಲ ಕ್ರೈಸ್ತರು ಎಲ್ಲವನ್ನೂ ಹುದುವಾಗಿ, ಅಂದರೆ ಎಲ್ಲರಿಗೂ ಸೇರಿದ್ದು ಅಂತ ಹಂಚಿಕೊಂಡು, ಅನುಭವಿಸುತ್ತಿದ್ದರು ಅಂತ ಓದ್ತೇವೆ. ಇಲ್ಲಿ ಒಬ್ಬರ ಪಕ್ಕ ಒಬ್ಬರು ಕೂರೋದಕ್ಕೂ ರೇಟು ಬೇಕಾಯ್ತಾ? ಸಂಬಳ ನಿಲ್ಲಿಸಲಾ, ಮುಂದುವರಿಸಲಾ? ಯಾರಾದರೂ ಇಂಥದ್ದನ್ನು ದಾಟಿ ಬಂದಿದ್ದರೆ ಹೇಳಿ.

ಹಂಚಿನಮನೆ ಉತ್ತರ:

ತಂಗೀ, ನಮ್ಮದು ಮಂಗಳೂರಿನ ಜೆಪ್ಪು. ಅಜ್ಜ, ಅಪ್ಪ ಇಬ್ಬರೂ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹಾಗಾಗಿ ಒಂದು ಮಾತು. ದುಡ್ಡು ಈಗ ಬಂದು ಸಭೆಯನ್ನು ಕೆಡಿಸಿತು ಅಂತ ಅಂದುಕೊಳ್ಳಬೇಡ. ನಮ್ಮ ಸಭೆಗಳು ಕೂಲಿಯ ಮೇಲೇ ಎದ್ದು ನಿಂತವು.

ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ತಗೊಂಡವನಿಗೆ ಮಾರನೇ ದಿನ ಏನಾಗ್ತಿತ್ತು ಗೊತ್ತಲ್ಲ? ಮನೆಯವರು ಹೊರಗೆ ಹಾಕೋರು. ಧಣಿ ಗೇಣಿ ಗದ್ದೆ ಬಿಡಿಸೋನು. ಜಾತಿಯ ಕಸುಬೂ ಹೋಯಿತು, ಜಾತಿಯ ಜನರೂ ಹೋದರು. ಮತಾಂತರ ಆದವರಿಗೂ ಪಿತ್ರಾರ್ಜಿತದ ಹಕ್ಕು ಉಳಿಯುತ್ತದೆ ಅಂತ 1850ರಲ್ಲಿ ಸರ್ಕಾರ ಕಾನೂನು ಮಾಡಿತು, ಸರಿ. ಕಾನೂನು ಬಂದ ಮಾತ್ರಕ್ಕೆ ಅಣ್ಣತಮ್ಮಂದಿರು ಕರೆದು ಪಾಲು ಕೊಡ್ತಾರಾ? ಈಗಲೇ ಕೊಡಲ್ಲ. ಹಾಗಾಗಿ ಪ್ರಸಂಗ ಮಾಡಲು ಬಂದವರು ಹೊಟ್ಟೆಪಾಡಿನ ದಾರಿಯನ್ನೂ ಹುಡುಕಬೇಕಾಯಿತು. ಮುದ್ರಣಾಲಯ ಬಂತು, ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಅದಕ್ಕೂ ಮೊದಲೇ, 1859ರಲ್ಲಿ, ಬಾಸೆಲ್ ಊರಿನಲ್ಲಿ ಇದಕ್ಕೆಲ್ಲ ಒಂದು ವ್ಯಾಪಾರಿ ಕಂಪನಿಯನ್ನೇ ಕಟ್ಟಿದ್ದರು. ಷೇರುದಾರರಿದ್ದ ಕಂಪನಿ. ಲಾಭದ ಒಂದು ಪಾಲು ಮಿಷನ್ನಿಗೆ ಬರ್ತಿತ್ತು.

ಅಂದರೆ ನಮ್ಮ ಅಜ್ಜಂದಿರಿಗೆ ನೆರೆಮನೆಯನ್ನು ಕೊಟ್ಟದ್ದು ಕಂಪನಿಯ ಕೂಲಿ. ಒಂದೇ ಕಾರ್ಖಾನೆ, ಹತ್ತಿರ ಹತ್ತಿರ ಮನೆ, ಒಂದೇ ದೇವಾಲಯ. ಒಬ್ಬರು ಮಲಗಿದರೆ ಪಕ್ಕದ ಮನೆಯ ಗಂಜಿ ತಾನಾಗಿ ಬರ್ತಿತ್ತು. ಅದರ ಕಷ್ಟವೂ ಇತ್ತು. ಕಾರ್ಖಾನೆಯಲ್ಲಿ ಮೇಸ್ತ್ರಿ ಆದವರೇ ಭಾನುವಾರ ಸಭೆಯ ಹಿರಿಯರು. ಅಜ್ಜ ಹೇಳೋರು, ಶನಿವಾರ ಕುಡಿದರೆ ಭಾನುವಾರ ಬೈಗುಳ, ಸೋಮವಾರ ಮತ್ತೆ ಬೈಗುಳ ಅಂತ. ತಪ್ಪಿಸಿಕೊಳ್ಳೋಕೆ ಜಾಗ ಇರಲಿಲ್ಲ.

ಆಮೇಲೆ 1914ರ ಯುದ್ಧ. ಮಿಷನ್ನಿನಲ್ಲಿದ್ದ ಜರ್ಮನರನ್ನು ಬ್ರಿಟಿಷರು ಹಿಡಿದಿಟ್ಟರು, ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮುಂದೆ ಕಾಂಕ್ರೀಟು ಬಂತು, ಹಂಚು ಯಾರಿಗೆ ಬೇಕು? ಮಕ್ಕಳು ಬೊಂಬಾಯಿಗೆ ಹೋದರು, ಮೊಮ್ಮಕ್ಕಳು ಗಲ್ಫಿಗೆ. ಜನರನ್ನು ಒಂದು ಬೀದಿಗೆ ತಂದದ್ದೂ ಕೂಲಿ, ಬೀದಿ ಖಾಲಿ ಮಾಡಿಸಿದ್ದೂ ಕೂಲಿ. ನಿನ್ನ ಅಮ್ಮ ಒಬ್ಬರೇ ಇರೋದಕ್ಕೆ ಇದು ಕಾರಣ, ನೀನು ಅಕ್ಕನಿಗೆ ಕೊಟ್ಟ ಸಂಬಳ ಅಲ್ಲ. ಮುಂದುವರಿಸು.

ಲೆಕ್ಕದವ ಉತ್ತರ:

ಕ್ಷಮಿಸಿ, ಸ್ವಲ್ಪ ಖಾರವಾಗಿ ಹೇಳ್ತೇನೆ. ದುಡ್ಡು ಬಂದು ಎಲ್ಲ ಕೆಡಿಸಿತು ಅಂತ ಅಳೋದು ಯಾಕೆ? ಕುವೈಟಿನ ಸಂಬಳ ಇಲ್ಲದಿದ್ದರೆ ಆಪರೇಷನ್ ಎಲ್ಲಿ ಆಗ್ತಿತ್ತು? ಮೊದಲ ಸಭೆಯಲ್ಲಿ ಎಲ್ಲ ಹುದುವಾಗಿತ್ತು ಅಂತೀರಿ. ಅದೇ ಪುಸ್ತಕದ ಆರನೇ ಅಧ್ಯಾಯ ಓದಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡೋ ವಿಧವೆಯರನ್ನು ಬಿಟ್ಟುಬಿಟ್ಟರು ಅಂತ ಗುಣುಗುಟ್ಟುವಿಕೆ. ದುಡ್ಡಿಲ್ಲದೆ ಪ್ರೀತಿಯಿಂದಲೇ ನಡೆಯೋ ಕಡೆಯೂ ನಮ್ಮವರು, ಹೊರಗಿನವರು ಅನ್ನೋದು ಇರುತ್ತೆ. ಸಂಬಳದಲ್ಲಿ ಕೊನೇ ಪಕ್ಷ ಲೆಕ್ಕ ಇರುತ್ತೆ.

ರಾತ್ರಿಪಾಳಿ ಉತ್ತರ:

ನಾನು ಹೋಮ್ ನರ್ಸ್. ಬಹಳ ವರ್ಷದಿಂದ ಇದೇ ಕೆಲಸ. ಈಗಲೂ ಒಂದು ಮನೆಯಲ್ಲಿ ಅಜ್ಜಿ ಮಲಗಿದ ಮೇಲೆ ಟೈಪ್ ಮಾಡ್ತಿದ್ದೇನೆ.

ಇಲ್ಲಿ ಎಲ್ಲರೂ ಅಮ್ಮನಿಗೆ ಏನನಿಸಿತು, ಮಗಳಿಗೆ ಏನನಿಸಿತು, ಮಗನಿಗೆ ಏನನಿಸಿತು ಅಂತ ಬರೆದಿದ್ದಾರೆ. ಅಕ್ಕನನ್ನು ಯಾರಾದರೂ ಕೇಳಿದ್ರಾ?

ನಮ್ಮನ್ನು ಮನೆಗೆ ಕರೆಯುವಾಗ "ನೀನು ನಮ್ಮ ಮನೆಯವಳ ಹಾಗೆ" ಅಂತಾರೆ. ಈ ಮಾತು ಕೇಳಿದ್ರೆ ನನಗೆ ಹೆದರಿಕೆ. ಯಾಕಂದ್ರೆ ಅದು ಬರೋದು ರಜೆ ಕೇಳಿದಾಗ, ಸಂಬಳ ತಡವಾದಾಗ. ಊಟಕ್ಕೆ ಕೂರುವಾಗ ಬರಲ್ಲ. ಆಗ ತಟ್ಟೆ ಬೇರೆ. ಏಜೆನ್ಸಿ ಮನೆಯವರಿಂದ ತಗೊಳ್ಳೋದು ಒಂದು, ನಮ್ಮ ಕೈಗೆ ಬರೋದು ಇನ್ನೊಂದು. ಭಾನುವಾರ ರಜೆ ಇಲ್ಲ. ಮನೆಯವರು ಪೂಜೆಗೆ ಹೋಗ್ತಾರೆ, ಅಜ್ಜಿಗೆ ಟಿವಿಯಲ್ಲಿ ಪೂಜೆ ಹಾಕ್ತಾರೆ, ನಾನು ಹಿಂದೆ ನಿಂತು ಡೈಪರ್ ಬದಲಿಸ್ತಾ ಕೇಳಿಸಿಕೊಳ್ತೇನೆ. ನನ್ನ ಸ್ವಂತ ತಾಯಿಯನ್ನು ಊರಲ್ಲಿ ನೋಡಿಕೊಳ್ಳೋದು ನನ್ನ ತಂಗಿ. ಅವಳಿಗೆ ಸಂಬಳ ಇಲ್ಲ. ಹಾಗಂತ ಅವಳು ಕೆಲಸ ಮಾಡ್ತಾಳೆ ಅಂತಲೂ ಯಾರೂ ಹೇಳಲ್ಲ.

ಬೈಬಲ್ ಬೇಕು ಅಂದಿರಲ್ಲ. ಒಳ್ಳೆಯ ಸಮಾರ್ಯದವನ ಕತೆ ಎಲ್ಲರಿಗೂ ಬಾಯಿಪಾಠ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಸಮಾರ್ಯದವನು ಎತ್ತಿ ಒಂದು ಛತ್ರಕ್ಕೆ ತಂದ. ಆ ಕತೆಯಲ್ಲಿ ಛತ್ರದವನು ಒಬ್ಬ ಇದ್ದಾನೆ. ಅವನ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ. ಸಮಾರ್ಯದವನು ಆ ರಾತ್ರಿ ತಾನೇ ಆರೈಕೆ ಮಾಡಿದ. ಮಾರನೇ ದಿನ ಎರಡು ದಿನಾರಿ ತೆಗೆದು ಛತ್ರದವನಿಗೆ ಕೊಟ್ಟ, ಇವನನ್ನು ನೋಡಿಕೋ ಅಂದ. ದಿನಾರಿ ಅಂದ್ರೆ ಆಗ ಒಂದು ದಿನದ ಕೂಲಿ. ಜಾಸ್ತಿ ಖರ್ಚಾದರೆ ಬಂದಾಗ ಕೊಡ್ತೇನೆ ಅಂತಲೂ ಹೇಳಿದ. ದೇವರ ಸೇವೆ ಅಂದುಕೊಂಡು ಪುಕ್ಕಟೆ ಮಾಡು ಅನ್ನಲಿಲ್ಲ. ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಲೂ ಇಲ್ಲ, ತಿರುಗಿ ಬರ್ತೇನೆ ಅಂದ. ಇದಕ್ಕಿಂತ ಒಳ್ಳೆ ಕರಾರು ನನಗೆ ಯಾವ ಮನೆಯಲ್ಲೂ ಸಿಕ್ಕಿಲ್ಲ.

ಈಗ ನಿಮಗೆ ನನ್ನ ಪ್ರಶ್ನೆ. ಅಕ್ಕನ ಬೀಡಿ ಪಾಸ್‌ಬುಕ್ ಏನಾಯ್ತು? ನನ್ನ ಅತ್ತೆ ಬೀಡಿ ಕಟ್ಟೋರು, ಅದಕ್ಕೇ ಕೇಳ್ತಿದ್ದೇನೆ. ಬೀಡಿಯ ಕೂಲಿ ಸಾವಿರದ ಲೆಕ್ಕ, ಅದು ಕಮ್ಮಿಯೇ. ಆದರೆ ಕಂಪನಿಯ ಲೆಕ್ಕದಲ್ಲಿ ಹೆಸರಿದ್ದರೆ ಪಿಎಫ್ ಇರುತ್ತೆ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಅಂತ 1976ರ ಕಾಯ್ದೆಯೇ ಇದೆ, ಬೀಡಿ ಕಾರ್ಮಿಕರ ಗುರುತಿನ ಕಾರ್ಡಿನ ಮೇಲೆ ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಗುತ್ತೆ. ನೀವು ಕೊಡೋ ಸಂಬಳದಲ್ಲಿ ಇದ್ಯಾವುದೂ ಇಲ್ಲ. ಕರ್ನಾಟಕದಲ್ಲಿ ಮನೆಕೆಲಸಕ್ಕೆ ಕನಿಷ್ಠ ಕೂಲಿ ಅಂತ 2004ರಲ್ಲೇ ಮಾಡಿದ್ದಾರೆ. ನಾನು ಹೋದ ಮನೆಗಳಲ್ಲಿ ಅದನ್ನು ಕೇಳಿದವರೇ ಇಲ್ಲ.

ತೆನೆಹಬ್ಬ ಉತ್ತರ:

ರಾತ್ರಿಪಾಳಿ ಅವರ ಮಾತಿಗೆ ನನ್ನದೊಂದು ಸೈ. ನಾನು ಕ್ಯಾಥೊಲಿಕ, ಗಲ್ಫಿನಿಂದ ವಾಪಸ್ ಬಂದವ. ನಿಮ್ಮ ಅಣ್ಣನ ಬಗ್ಗೆ ಮಾತಾಡಲು ನನಗೆ ಹಕ್ಕಿದೆ ಮಾರ್ರೆ.

ಗಲ್ಫಿನಲ್ಲಿ ಇದ್ದಾಗ ಊರಿನಿಂದ ಇಗರ್ಜಿಯ (ನಮ್ಮ ಚರ್ಚಿನ) ರಸೀದಿ ಪುಸ್ತಕ ಬರ್ತಿತ್ತು. ಕೊಡೋದು ಸುಲಭ. ಕೊಟ್ಟ ಕೂಡಲೇ ಮನಸ್ಸು ಹಗುರ. ಊರಿಗೆ ಬಂದಾಗ ಮೈಕಿನಲ್ಲಿ ಹೆಸರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಹುಟ್ಟುಹಬ್ಬ) ಆಶೀರ್ವಾದ ಮಾಡಿದ ಹೊಸ ತೆನೆಯ ಕಾಳನ್ನು ಅಮ್ಮ ಲಕೋಟೆಯಲ್ಲಿ ಹಾಕಿ ಕಳಿಸೋರು. ಅಲ್ಲಿ ರೂಮಿನಲ್ಲಿ ಅದನ್ನು ಹಾಲಿಗೆ ಹಾಕಿ ಕುಡೀತಿದ್ವಿ. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕಾದ ಹಬ್ಬ ಅದು. ಅಮ್ಮ ಇಲ್ಲಿ ಒಬ್ಬರೇ ಉಣ್ಣೋರು.

ಮಾರ್ಕನ ಸುವಾರ್ತೆ ಏಳನೇ ಅಧ್ಯಾಯ ನಿಮ್ಮ ಅಣ್ಣನಿಗೆ ಕಳಿಸಿ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್, ಇದು ದೇವರಿಗೆ ಕೊಟ್ಟಾಯಿತು" ಅಂತ ಹೇಳಿ ಕೈಬಿಡೋರಿಗೆ ಯೇಸು ಮಂಗಳಾರತಿ ಮಾಡಿದ್ದಾರೆ. ಹಾಲಿನ ಎಸಿ ಕೂಡ ಕೊರ್ಬಾನೇ. ಎಸಿ ಬೇಡ ಅಂತಲ್ಲ, ಸೆಕೆ ಇದೆ ಒಪ್ಪಿದೆ. ಆದರೆ ಎಸಿ ಕೊಟ್ಟದ್ದಕ್ಕೆ ಪ್ರತಿಯಾಗಿ ಬೀಡಿ ಕಟ್ಟೋ ವಿಧವೆ ಬಂದು ಅಮ್ಮನ ಕಾಲು ಒತ್ತಬೇಕು ಅನ್ನೋದು ಯಾವ ಊರಿನ ಲೆಕ್ಕ? ಅವನು ಕೊಟ್ಟದ್ದು ಸಭೆಗೆ. ದುಡಿಯೋದು ಅಕ್ಕ. ನಡುವೆ ಕಲ್ಲಿನ ಮೇಲೆ ಹೆಸರು ಯಾರದ್ದು?

ನಮ್ಮ ಕಡೆ ಪೋಪ್ 13ನೇ ಲಿಯೋ 1891ರಲ್ಲೇ ಬರೆದಿದ್ದರು. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯ ಆಗಲ್ಲ, ಅದರಲ್ಲಿ ದುಡಿಯುವವನ ಬದುಕು ಸಾಗಬೇಕು ಅಂತ. ಪೋಪ್ ಫ್ರಾನ್ಸಿಸ್ 2013ರಲ್ಲಿ ಇನ್ನೂ ನೇರವಾಗಿ ಹೇಳಿದರು: ಮನೆಯಿಲ್ಲದ ಮುದುಕ ಚಳಿಗೆ ಸತ್ತರೆ ಸುದ್ದಿ ಆಗಲ್ಲ, ಷೇರು ಪೇಟೆ ಎರಡು ಅಂಕ ಇಳಿದರೆ ಸುದ್ದಿ. ಇದನ್ನು ಓದಿ ತಲೆ ಆಡಿಸಿ, ಆಮೇಲೆ ವಾರ್ಷಿಕ ಹಬ್ಬದ ಸ್ಪಾನ್ಸರ್ ಪಟ್ಟಿ ಓದೋ ಜನ ನಾವು.

ಇನ್ನೊಂದು. "ಜನ ಇಟ್ಟಿದ್ದಾರಲ್ಲ" ಅಂತ ಬರೋದು ಬಿಟ್ಟ ಸಂಘದವರಿಗೂ ಸ್ವಲ್ಪ ಹೇಳಬೇಕು. ಅಕ್ಕ ಒಬ್ಬರು ದಿನಾ ಬರ್ತಿದ್ದಾಗ ಇವರು ಎಷ್ಟು ಸಲ ಬಂದಿದ್ದರು? ಅಮ್ಮನನ್ನು ಕೇಳಿ ನೋಡಿ. ನನಗೆ ಅನುಮಾನ.

ಪಡುಗಾಳಿ:

ಎಲ್ಲರಿಗೂ ಥ್ಯಾಂಕ್ಸ್. ವಾರದ ಕೊನೆಗೆ ಊರಿಗೆ ಹೋಗಿದ್ದೆ. ಪಾಸ್‌ಬುಕ್ ವಿಷಯ ಕೇಳಿದೆ.

ಅಕ್ಕ ಬೀಡಿ ಬಿಟ್ಟಿಲ್ಲ. ಬಿಟ್ಟರೆ ಹೆಸರು ತೆಗೀತಾರೆ ಅಂತ ಹೆದರಿಕೆ. ನಮ್ಮಲ್ಲಿಂದ ಐದಕ್ಕೆ ಹೋಗಿ, ಅಡುಗೆ ಮಾಡಿ, ರಾತ್ರಿ ಹನ್ನೊಂದರ ತನಕ ಕಟ್ತಾರೆ. ಎಲೆ ನೆನೆಸಿ ಕತ್ತರಿಸೋದು ಬೆಳಿಗ್ಗೆ ನಮ್ಮಲ್ಲಿಗೆ ಬರೋ ಮೊದಲು. ಮಧ್ಯಾಹ್ನ ಕುರ್ಚಿಯಲ್ಲಿ ತೂಕಡಿಸ್ತಾಳೆ ಅಂತ ಅಮ್ಮ ದೂರು ಹೇಳ್ತಿದ್ದರು, ಇದೇ ಕಾರಣ. ಸಂಬಳ ಬೇಡ ಬೇಡ ಅಂದದ್ದು ಮರ್ಯಾದೆಗೆ ಅಂತೆ. "ಬೇಕಿತ್ತು. ಸಣ್ಣವಳ ನರ್ಸಿಂಗ್ ಫೀಸು ಉಂಟಲ್ಲ. ಆದ್ರೆ ಕೂಡಲೇ ಹೂಂ ಅಂದ್ರೆ ನಿನ್ನ ಅಮ್ಮ ಏನು ಗ್ರಹಿಸ್ತಾರೆ?" ಅಂದರು.

ಅಮ್ಮ ಅಲ್ಲೇ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹಾಗಾದ್ರೆ ರಾತ್ರಿ ಕಟ್ಟಿ ಕಣ್ಣು ಹಾಳು ಮಾಡ್ಬೇಡ, ತಡ್ಪೆ ಇಲ್ಲಿಗೇ ತಾ. ನಾನೂ ಸುಮ್ನೆ ಕೂತು ಸಾಯ್ತಿದ್ದೇನೆ" ಅಂದರು. ಸಂಬಳ ಅಷ್ಟೇ ಇರುತ್ತೆ, ತಡ್ಪೆಯೂ ಬರುತ್ತೆ. ಭಾನುವಾರ ಅಕ್ಕನಿಗೆ ರಜೆ.

ಆ ರಜೆಯೇ ಈಗ ದೊಡ್ಡ ತಲೆನೋವು. ಭಾನುವಾರ ಆರಾಧನೆಯ ಹೊತ್ತಿಗೆ ಅಮ್ಮನ ಹತ್ತಿರ ಯಾರು? ಸ್ತ್ರೀ ಸಂಘದಲ್ಲಿ ಸರದಿ ಹಾಕೋಣ ಅಂತ ಅಧ್ಯಕ್ಷೆಯವರನ್ನು ಕೇಳಿದೆ. ಪಟ್ಟಿ ಓಡಾಡ್ತಾ ಇದೆ. ಸದ್ಯಕ್ಕೆ ಎರಡು ಹೆಸರು ಬಿದ್ದಿವೆ. ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ಅವಳಿಗೆ ಎಷ್ಟು ಕೊಡ್ತೀ?" ಅಂತ ಕೇಳಿದರು. ಹೇಳಿದೆ. ತಮಗೂ ಬೇಕು ಅಂತಲೋ, ಸುಮ್ನೆ ತಿಳ್ಕೊಳ್ಳೋಕೋ ಗೊತ್ತಾಗಲಿಲ್ಲ. ಬೇಕು ಅಂದರೂ ತಪ್ಪೇನಿಲ್ಲ. ಉಳಿದ ಭಾನುವಾರಗಳಿಗೆ ನಾನೇ ರಾತ್ರಿ ಬಸ್ಸು ಹಿಡಿದು ಬರ್ತೇನೆ.

ಅಣ್ಣನಿಗೆ ಮಾರ್ಕನ ಏಳನೇ ಅಧ್ಯಾಯ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.

ಕೊನೆಗೆ ಒಂದು ಪ್ರಶ್ನೆ. ಅಕ್ಕನಿಗೆ ಮುಂದಕ್ಕೆ ಏನಾದರೂ ಪಿಂಚಣಿ ಮಾಡಿಸಬಹುದಾ? ಅಟಲ್ ಪಿಂಚಣಿ ಅಂತ ಇದೆಯಲ್ಲ?

ಲೆಕ್ಕದವ:

ಬ್ಯಾಂಕಿನಲ್ಲಿ ಇದ್ದವನು, ಇದಕ್ಕೆ ಉತ್ತರ ನಾನೇ ಕೊಡ್ತೇನೆ. ಅಟಲ್ ಪಿಂಚಣಿಗೆ ಸೇರೋಕೆ ವಯಸ್ಸು 18ರಿಂದ 40. ಅಸಂಘಟಿತ ಕಾರ್ಮಿಕರ ಶ್ರಮಯೋಗಿ ಮಾನ್‌ಧನ್ ಯೋಜನೆಗೂ ಅಷ್ಟೇ. ಅಕ್ಕನಿಗೆ ಎರಡೂ ಆಗಲ್ಲ.

ಅವರ ಗಟ್ಟಿ ಆಸ್ತಿ ಅಂದ್ರೆ ಬೀಡಿಯ ಪಿಎಫ್. ಅದರಲ್ಲಿ ಪಿಂಚಣಿ ಭಾಗವೂ ಇರುತ್ತೆ. ಒಟ್ಟು 10 ವರ್ಷ ಸರ್ವಿಸ್ ತುಂಬಿದ್ದರೆ 58ಕ್ಕೆ ತಿಂಗಳ ಪಿಂಚಣಿ ಶುರುವಾಗುತ್ತೆ. ಎಷ್ಟು ವರ್ಷ ಜಮೆ ಆಗಿದೆ ಅಂತ ಮೊದಲು ನೋಡಿ. ಆಮೇಲೆ ಆಧಾರ್‌ನಲ್ಲಿ ಇರೋ ಹೆಸರು, ಹುಟ್ಟಿದ ತಾರೀಕು, ಪಿಎಫ್ ಲೆಕ್ಕದಲ್ಲಿ ಇರೋದು ಒಂದೇನಾ ನೋಡಿ. ನಮ್ಮ ಕ್ರೈಸ್ತ ಹೆಸರುಗಳನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರ್ತಾರೆ, ಅಲ್ಲೇ ಸಿಕ್ಕಿಬೀಳೋದು. ನಾಮಿನಿಯಾಗಿ ತೀರಿಕೊಂಡ ಗಂಡನ ಹೆಸರೇ ಉಳಿದಿದ್ದರೆ ಬದಲಿಸಿ.

ಇದರ ಮೇಲೆ ಏನಾದರೂ ಮಾಡಬೇಕು ಅಂತಿದ್ದರೆ ಅಂಚೆ ಕಚೇರಿಯಲ್ಲಿ ಅಕ್ಕನ ಹೆಸರಿಗೇ ಒಂದು ಆರ್‌ಡಿ ತೆರೆಯಿರಿ. 5 ವರ್ಷದ್ದು. ತಿಂಗಳ ಕಂತು ಅಣ್ಣ ಕಟ್ಟಲಿ. ಅದಕ್ಕೆ ಗ್ರಾನೈಟ್ ಬೇಕಾಗಿಲ್ಲ.

ಪಿಎಫ್ ಆಫೀಸಿಗೆ ಒಂದೇ ಸಲ ಹೋದರೆ ಮುಗಿಯಲ್ಲ, ಎರಡು ಮೂರು ಸಲ ಓಡಾಡಿಸ್ತಾರೆ. ಆ ದಿನಗಳ ಸಂಬಳ ಹಿಡಿಯಬೇಡಿ.